ಮೂರನೇ ಜೊತೆ ಗ್ಲೌಸು

೧೯೮೬ರ ಆಷಾಢ. ತುಮಕೂರಿನ ಆಸ್ಪತ್ರೆಯೊಂದರಲ್ಲಿ, ಆಪರೇಷನ್ ಥಿಯೇಟರಿನ ಮುಂದಿನ ಬೆಂಚಿನ ಮೇಲೆ ಕುಣಿಗಲ್ಲಿನಿಂದ ಬಂದ ನಾವು ಮೂವರು ಕೂತಿದ್ದೆವು: ಅಮ್ಮ, ಭಾವ, ನಾನು. ಒಳಗೆ ನನ್ನಕ್ಕ ಓಬಳಮ್ಮನಿಗೆ ಸಿಸೇರಿಯನ್. ಮಗು ಅಡ್ಡ ಬಂದಿತ್ತು. ಸಂಜೆಯ ಮಳೆಗೆ ಕರೆಂಟ್ ಹೋಗಿದ್ದೇ ತಡ, ಅಮ್ಮ ಬಾಯಿಗೆ ಸೆರಗೊತ್ತಿಕೊಂಡು ಅಳತೊಡಗಿದಳು.

ಪಕ್ಕದ ಸ್ಟೂಲಿನಲ್ಲಿ ಗಂಗಹನುಮಯ್ಯ ಎಂಬ ಮುದುಕರಿದ್ದರು. ಅದೇ ಥಿಯೇಟರಿನಲ್ಲಿ ಮೂವತ್ತು ವರ್ಷ ಡಾಕ್ಟರ ಕೈಗೆ ಕತ್ತರಿ, ಚಿಮಟ ಕೊಟ್ಟು ರಿಟೈರಾದವರು. ಮನೆಯಲ್ಲಿ ಹೊತ್ತು ಹೋಗದೆ ದಿನಾ ಬಂದು ಕೂರುತ್ತಿದ್ದರಂತೆ. ನಶ್ಯ ಏರಿಸಿ ಶುರು ಮಾಡಿದರು.

"ಅಳಬ್ಯಾಡ ಕಣಮ್ಮ. ಕರೆಂಟ್ ಹೋದ್ರೂ ಈ ಥಿಯೇಟ್ರು ಕತ್ತಲಾಗಲ್ಲ. ಯಾಕೆ ಅಂತೀಯಾ? ಎಪ್ಪತ್ನಾಲ್ಕರಲ್ಲಿ ಹಿಂಗೇ ಮಳೆ... ಗುಬ್ಬಿ ಕಡೆ ಹೆಂಗ್ಸು, ನಿನ್ ಮಗಳ ವಯಸ್ಸೇ. ಹೊಟ್ಟೆ ಕುಯ್ದಾಗಿತ್ತು, ಮಗು ಇನ್ನೂ ಒಳಗೇ ಇತ್ತು, ಆಗ ಹೋಯ್ತು ಕರೆಂಟು. ಲಾಟೀನು ತರಂಗಿಲ್ಲ, ಪ್ರಜ್ಞೆ ತಪ್ಸೋಕೆ ಈಥರ್ ಕೊಡ್ತಿದ್ರಲ್ಲ, ಕಿಡಿ ಸೋಕಿದ್ರೆ ಎಲ್ರೂ ಬೂದಿ. ಟಾರ್ಚೇ ಗತಿ. ಹಿಡಿಯೋರ್ಯಾರು? ಡಾಕ್ಟ್ರಮ್ಮನ ಕೈ ಎರಡೂ ಹೊಟ್ಟೆ ಒಳಗೆ, ನನ್ನ ಕೈ ಎರಡೂ ಗಾಯ ಅಗಲಿಸಿ ಹಿಡಿದಿದ್ವು, ಸಿಸ್ಟರು ಈಥರ್ ಮಾಸ್ಕು ಬಿಡಂಗಿಲ್ಲ... ಅಷ್ಟ್ರಲ್ಲಿ ನನ್ನ ಎಡ ಭುಜದ ಮೇಲಿಂದ ಬೆಳಕು ಬಂತು, ಒಂಚೂರೂ ಅಲುಗಾಡದಂಗೆ. 'ಸ್ವಲ್ಪ ಕೆಳಗೆ' ಅಂದ್ರು ಡಾಕ್ಟ್ರಮ್ಮ. ಬೆಳಕು ಕೆಳಗೆ ಬಂತು. ಮಾಸ್ಕು, ಟೋಪಿ ಹಾಕ್ಕೊಂಡ್ರೆ ಕಣ್ಣು ಬಿಟ್ಟು ಇನ್ನೇನ್ ಕಾಣುತ್ತೆ? ಯಾರೋ ವಾರ್ಡಿನವ್ರು ಬಂದವ್ರೆ ಅಂದ್ಕೊಂಡೆ. ಮಗು ಅತ್ತಿತು. ಸುಳ್ಳ್ಯಾಕೆ, ನಂಗೂ ಅಳು ಬಂತು.

"ಗ್ಲೌಸು ಬಿಸಾಕೋ ಪದ್ಧತಿ ಇಲ್ಲಿ ಆಗ್ಲೂ ಇಲ್ಲ, ಈಗ್ಲೂ ಇಲ್ಲ. ತೊಳೆದು, ದಾರಕ್ಕೆ ನೇತುಹಾಕಿ, ಹರಿದಿದ್ರೆ ತೇಪೆ ಹಾಕಿ, ಮತ್ತೆ ಬೇಯ್ಸೋದು. ಅವತ್ತು ಗ್ಲೌಸು ಹಾಕಿದ್ದು ಡಾಕ್ಟ್ರಮ್ಮ, ನಾನು, ಇಬ್ರೇ. ದಾರದ ಮೇಲೆ ನೋಡ್ತೀನಿ... ಮೂರು ಜೊತೆ. ಮೂರನೇದರ ಹೆಬ್ಬೆಟ್ಟಿಗೆ ಚೌಕದ ತೇಪೆ. ನಾವೆಲ್ಲ ದುಂಡಗೆ ಹಾಕೋರು. ಚೌಕ ಹಾಕ್ತಿದ್ದೋರು ನಂಗೆ ಕೆಲಸ ಕಲಿಸಿದ ಪುಟ್ಟರಂಗಯ್ಯನೋರು ಒಬ್ರೇ. ಟಾರ್ಚ್ ಹಿಡಿಯೋಕೂ ಗ್ಲೌಸು ಹಾಕೋ ಮನುಷ್ಯ. 'ಯಾವಾಗ ಕೈ ಹಾಕ್ಬೇಕಾಗುತ್ತೋ' ಅನ್ನೋರು. ನಾನು ಅವರ ತಿಥಿ ಊಟ ಉಂಡು ಆಗ್ಲೇ ವರ್ಷ ಆಗಿತ್ತು..."

ಒಳಗೆ ಮಗು ಅತ್ತಿತು. ಅಮ್ಮ ಎದ್ದು ನಿಂತು ಬಾಗಿಲಿಗೇ ಕೈ ಮುಗಿದಳು. ಕರೆಂಟ್ ಬಂದದ್ದು ಅದಾದ ಮೇಲೆ.

ಹೊಲಿಗೆಯೆಲ್ಲ ಮುಗಿದ ಮೇಲೆ ಸಿಸ್ಟರ್ ಹೊರಗೆ ಬಂದರು. "ಹೆಣ್ಣು ಮಗು. ಇಬ್ರೂ ಚೆನ್ನಾಗಿದಾರೆ."

"ಗ್ಲೌಸು ಎಷ್ಟು ಜನ ಹಾಕಿದ್ರಿ ಸಿಸ್ಟರ್?" ಎಂದರು ಗಂಗಹನುಮಯ್ಯ.

"ಡಾಕ್ಟ್ರು, ನಾನು. ಯಾಕಣ್ಣ?"

ವರಾಂಡದ ಕೊನೆಯಲ್ಲಿ ಆಯಾ ಆ ಆಪರೇಷನ್ನಿನ ಗ್ಲೌಸುಗಳನ್ನು ಆಗಷ್ಟೇ ತೊಳೆದು ದಾರಕ್ಕೆ ಹಾಕಿ ಹೋಗಿದ್ದಳು. ಮುದುಕರು ನನ್ನ ಕೈ ಹಿಡಿದು ಅತ್ತ ತಿರುಗಿಸಿದರು.

"ಎಣಿಸಪ್ಪ."

ಎಣಿಸಿದೆ. ಮೂರು ಜೊತೆ ಇದ್ದವು.

"ನಾನು ರಿಟೈರಾದೆ ಕಣಪ್ಪ," ಎಂದರು ಮುದುಕರು, ನಶ್ಯದ ಡಬ್ಬಿ ಮುಚ್ಚುತ್ತ. "ಅವ್ರಿನ್ನೂ ಆಗಿಲ್ಲ."