ಬಾಲ ಇರೋ ಫ್ಲಾಸ್ಕ್ ಯಾವುದು?

ಹಲೋ, ಯಾರು ಮಾತಾಡ್ತಿರೋದು?... ಯಾರು ಅಂದ್ರಿ?... ಸ್ವಲ್ಪ ಜೋರಾಗಿ ಹೇಳಿ, ಇಲ್ಲಿ ಮಷಿನ್ ಸದ್ದು.

... ಓ, ಸರ್. ನೀವಾ. ಎರಡು ವರ್ಷ ಆದ್ಮೇಲೆ ನಮ್ಮ ನೆನಪಾಯ್ತಾ? ಹಾಂ, ಹೇಳಿ. ರಕ್ತ ಪರೀಕ್ಷೆ ಕೇಂದ್ರದಲ್ಲಿದ್ದೀನಿ, ಎದುರಿಗೆ ನಾಲ್ಕು ಜನ ತೋಳು ಮೇಲೆ ಮಾಡ್ಕೊಂಡು ಕಾಯ್ತಿದ್ದಾರೆ. ನಿಮ್ಮ ಪತ್ರ ಓದಿದ್ಮೇಲೆ ಬೇರೆ ಯಾವ ಲ್ಯಾಬಿನವರೂ ನನ್ನ ಸೇರಿಸ್ಕೊಳ್ಳಲಿಲ್ಲ ನೋಡಿ.

... ಇಲ್ಲಪ್ಪ, ಕೋಪ ಏನಿಲ್ಲ. ಆ ಪತ್ರ ಬಾಯಿಪಾಠ ಆಗಿದೆ ಅಷ್ಟೆ. 'ಇವರು ಜೀವಕೋಶಗಳನ್ನು ಕಲಬೆರಕೆ ಮಾಡಿದ್ದಾರೆ, ಇವರ ಮಾತನ್ನು ನಂಬುವಂತಿಲ್ಲ.' ಕೆಳಗೆ ನಿಮ್ಮ ಸಹಿ. ಒಂಬತ್ತು ವರ್ಷ ಆ ಸೆಲ್ಸಿಗೆ ಹೊತ್ತು ಹೊತ್ತಿಗೆ ಊಟ ಹಾಕಿ ಬೆಳೆಸಿದವಳು ನಾನು. ಸಂಶೋಧನೆಯ ಪೇಪರಿನಲ್ಲಿ ನನ್ನ ಹೆಸರೂ ಹಾಕಿ ಅಂತ ಕೇಳಿದ್ದಕ್ಕೆ ತಾನೇ ಆ ಪತ್ರ?

... ಸರಿ ಬಿಡಿ, ವಿಷಯಕ್ಕೆ ಬನ್ನಿ. ತನಿಖಾ ಸಮಿತಿಯವರಾ? ಆ ಪೇಪರ್ ನಿಜಾನಾ ಅಂತ ನೋಡೋಕಾ? ಇವತ್ತೇನಾ?... ಕೆಳಗೆ ಟೀ ಕುಡೀತಿದ್ದಾರಾ... ಹಾಂ. ಎರಡು ಫ್ಲಾಸ್ಕಿಗೂ ಹಾರ್ಮೋನ್ ಅವರೇ ಹಾಕ್ತಾರೆ. ಯಾವುದರ ಸೆಲ್ಸ್ ಮಿನುಗುತ್ತೆ, ಯಾವುದರದ್ದು ಮಿನುಗಲ್ಲ ಅಂತ ನೀವು ಮೊದಲೇ ಬರೆದು ಸಹಿ ಹಾಕಿ ಕೊಡ್ಬೇಕು. ತಪ್ಪಿದ್ರೆ ಪೇಪರ್ ವಾಪಸ್, ಲ್ಯಾಬಿಗೆ ಬೀಗ. ಅಷ್ಟೇ ಅಲ್ವಾ? ಅದಕ್ಕೆ ನಾನ್ಯಾಕೆ ಬೇಕು ಸರ್?

... ಯಾವುದು ಯಾವುದು ಅಂತ ಗುರುತಿಲ್ವಾ? ಅದು ಹೇಗೆ ಇಲ್ದೆ ಹೋಗುತ್ತೆ? ಪೆನ್ನಿನಲ್ಲಿ ಬರೆದ್ರೆ ಸ್ಪಿರಿಟ್ ತಾಗಿ ಅಳಿಸಿಹೋಗುತ್ತೆ ಅಂತ ನಾನು ಈ ಸೆಲ್ಸ್ ಫ್ರೀಜರಿನಲ್ಲಿಟ್ಟ ಪ್ರತಿ ಟ್ಯೂಬಿನ ಮುಚ್ಚಳಕ್ಕೂ ಉಗುರುಬಣ್ಣದ ಬೊಟ್ಟು ಇಟ್ಟಿದ್ನಲ್ಲ. ಕೆಂಪು ಅಂದ್ರೆ ಪೂರ್ತಿ ರಿಸೆಪ್ಟರ್, ನೀಲಿ ಅಂದ್ರೆ ಬಾಲ ಕತ್ತರಿಸಿದ್ದು.

... ಒರೆಸಿಬಿಟ್ರಾ? ಯಾರು ಹೇಳಿದ್ದು ಒರೆಸೋಕೆ?... ನೀವೇನಾ. ಸಮಿತಿಯವರು ಬರ್ತಾರೆ, ನೀಟಾಗಿರ್ಲಿ ಅಂತ. ಆಗ 'ಇದೇನು ಬ್ಯೂಟಿ ಪಾರ್ಲರಾ' ಅಂತ ಎಲ್ಲರ ಮುಂದೆ ನನ್ನ ಆಡ್ಕೊಂಡ್ರಿ, ಈಗ ಒರೆಸಿಯೂ ಹಾಕ್ಸಿದ್ರಿ. ಕ್ಷಮಿಸಿ ಸರ್, ನಗು ತಡೆಯೋಕೆ ಆಗ್ತಿಲ್ಲ.

... ಮತ್ತೆ ನೀವೇ ಒಂದು ಸಲ ಪರೀಕ್ಷೆ ಮಾಡಿ ನೋಡ್ಬಿಡಿ... ಹೌದಲ್ಲ, ಅದಕ್ಕೆ ಆರು ಗಂಟೆ ಬೇಕು. ನಿಮಗಿರೋದು ಎಷ್ಟು? ಇಪ್ಪತ್ತು ನಿಮಿಷ.

... ಸರ್, ನನಗೇ ಪಾಠ ಮಾಡ್ತೀರಾ? ಎರಡರಲ್ಲೂ ರಿಸೆಪ್ಟರ್ ಇದೆ, ಎರಡೂ ಸೆಲ್ಲಿನ ಹೊರಗೆ ಹಾರ್ಮೋನನ್ನ ಹಿಡ್ಕೊಳ್ಳುತ್ತೆ, ನನಗೆ ಗೊತ್ತಿಲ್ವಾ? ಬಾಲ ಇರೋದು ಒಳಗೆ. ಹೊರಗಿಂದ ಬಂದ ಸುದ್ದೀನ ಅದು ಪಕ್ಕದ ಪ್ರೋಟೀನಿಗೆ ಮುಟ್ಟಿಸ್ಬೇಕು, ಅದು ಇನ್ನೊಂದಕ್ಕೆ, ಹೀಗೇ ಸೆಲ್ಲಿನ ನಡುಮಧ್ಯದ ತನಕ, ಆಗಲೇ ಅದು ಮಿನುಗೋದು. ಬಾಲ ಇಲ್ಲ ಅಂದ್ರೆ ವೈರ್ ಕಿತ್ತ ಕಾಲಿಂಗ್ ಬೆಲ್ ಇದ್ದ ಹಾಗೆ. ಹೊರಗೆ ಒತ್ತಿದ್ದೇ ಒತ್ತಿದ್ದು, ಒಳಗೆ ಯಾರೂ ಏಳಲ್ಲ. ನಾನೂ ಹಾಗೇ ಮೂರು ದಿನ ಆ ಪತ್ರ ಹಿಡ್ಕೊಂಡು ನಿಮ್ಮ ಕೋಣೆ ಬಾಗಿಲಲ್ಲಿ ನಿಂತಿದ್ದೆ.

... ಕೇಳಿಸ್ತಿದೆ, ಕೇಳಿಸ್ತಿದೆ. ಹೀಗೆಲ್ಲ ಬೇಡ್ಕೋಬೇಡಿ, ಚೆನ್ನಾಗಿರಲ್ಲ. ಮೈಕ್ರೋಸ್ಕೋಪಲ್ಲಿ ನೋಡಿ. ಎಡಗಡೆ ಫ್ಲಾಸ್ಕಲ್ಲಿ ಹೇಗಿವೆ?... ಉದ್ದುದ್ದ ಕಾಲು ಚಾಚ್ಕೊಂಡಿವೆಯಾ? ಬಲಗಡೆ?... ದುಂಡಗೆ, ಸಾಸಿವೆ ಕಾಳಿನ ಹಾಗೆ. ಹಾಂ.

... ಎಡಗಡೇದು ಸರ್. ಬಾಲ ಇರೋದು ಎಡಗಡೇದು, ಮಿನುಗೋದೂ ಅದೇ. ಬಾಲ ಇದ್ರೆ ಹಾರ್ಮೋನ್ ಹಾಕೋ ಮುಂಚೆಯೂ ಒಳಗೆ ಒಂಚೂರು ಸುದ್ದಿ ಹೋಗ್ತಿರುತ್ತೆ, ಅದಕ್ಕೇ ಕಾಲು ಚಾಚ್ತವೆ. ಇಲ್ದಿದ್ರೆ ದುಂಡಗೆ ಕೂತಿರ್ತವೆ.

... ಯಾವ ಪುಸ್ತಕದಲ್ಲೂ ಇಲ್ಲ. ಒಂಬತ್ತು ವರ್ಷ ದಿನಾ ನೋಡಿದ್ದಕ್ಕೆ ಗೊತ್ತು. ಪೇಪರಿಗೆ ಸೇರಿಸೋಣ ಅಂದಿದ್ದೆ, 'ಕಣ್ಣಳತೆ ವಿಜ್ಞಾನ ಅಲ್ಲಮ್ಮ' ಅಂದ್ರಿ.

... ನಿಜಾನಾ ಅಂದ್ರೆ? ನಿಜಾನೇ.

... ಹೌದು ಸರ್, ಸೇಡು ತೀರಿಸ್ಕೊಳ್ಳೋ ಆಸೆ ಖಂಡಿತ ಇದೆ, ಇಲ್ಲ ಅಂತ ಯಾಕೆ ಹೇಳ್ಲಿ? ಎರಡು ವರ್ಷದಿಂದ ಹೊಟ್ಟೆ ಉರೀತಿದೆ. ನೀವು ಬೀದಿಗೆ ಬೀಳೋದನ್ನ ಕಣ್ಣಾರೆ ನೋಡ್ಬೇಕು ಅಂತಿದೆ. ಆದ್ರೆ ನಾನೀಗ ಸುಳ್ಳು ಹೇಳಿದ್ರೆ ನೀವು ಬರೆದಿದ್ದೇ ಸರಿ ಅಂತ ಆಗ್ಬಿಡುತ್ತೆ, ಆ ಉಪಕಾರ ನಾನು ಮಾಡಲ್ಲ. ನನ್ನ ಮಾತು ಬಿಟ್ರೆ ಇವತ್ತು ನಿಮಗೆ ಬೇರೆ ಗತಿಯಿಲ್ಲ, ಅದನ್ನ ನಂಬೋಕೂ ಧೈರ್ಯ ಇಲ್ಲ. ಒದ್ದಾಡಿ ಸರ್. ನನಗೆ ಇಷ್ಟು ಸಾಕು.

... ಹೊಸ ಪತ್ರ ಬೇಡ. ನಿಮ್ಮ ಸಹಿ ಇರೋದು ಇನ್ನೇನೂ ನನಗೆ ಬೇಡ.

... ಅದೇನು, ಮೆಟ್ಟಿಲ ಮೇಲೆ ಸದ್ದಾ? ಬಂದೇಬಿಟ್ರಾ?... ಬರೀರಿ ಮತ್ತೆ, ಎಡಗಡೇದು ಅಂತ.

... ಹಲೋ, ಸರ್, ಇದ್ದೀರಾ?... ಏನಂತ ಬರೆದ್ರಿ?... ಬಲಗಡೇದಾ? ಎಡಗಡೇದು ಅಂತ ಬಾಯಿ ನೋಯೋ ಹಾಗೆ ಹೇಳಿದ್ನಲ್ಲ... ಹಾಂ. ನಾನು ಎಡಗಡೆ ಅಂದಿದ್ದಕ್ಕೇ ಬಲಗಡೇದಾ?

... ಸಹಿನೂ ಹಾಕಿದ್ರಾ? ಕೈಗೂ ಕೊಟ್ಬಿಟ್ರಾ?

... ಇಲ್ಲ ಸರ್, ಇನ್ನೇನಿಲ್ಲ. ಹೊಟ್ಟೆ ತಣ್ಣಗಾಯ್ತು. ಸಂಜೆ ಎಡಗಡೇದು ಮಿನುಗುತ್ತೆ ನೋಡಿ, ಆಗ ಸಮಿತಿಯವರ ಮುಂದೆ ಹೇಳಿ, ಇಡೀ ಲ್ಯಾಬಲ್ಲಿ ಗೊತ್ತಿದ್ದವಳು ಒಬ್ಬಳೇ, ಅವಳನ್ನ ನಾನೇ ಹೊರ... ಹಲೋ? ಹಲೋ...