ಜೋಡೀದಾರನ ನೀರು

ಬಾಗಲಾ ಮುಂದ ಮಾಡ್ರಿ... ಹಾಂ. ನಗೂವಂಗಿದ್ರ ಈಗ ನಕ್ಕುಬಿಡ್ರಿ, ನಡಕ ನಗಬ್ಯಾಡ್ರಿ. ಇದು ನಮ್ಮ ಕಾಕಾನ ಮಗ ಕಳಕೇಶಗ ಹೋದ ವರ್ಷ ಆಗಿದ್ದು.

ಮಿಲ್ಟ್ರಿ ಬಿಟ್ಟು ಬಂದಿದ್ದ. ಅವತ್ತು ಗದಗದಿಂದ ಕಡೀ ಬಸ್ಸಿಗೆ ಬಂದು, ಸೊರಟೂರ ಕ್ರಾಸಿನ್ಯಾಗ ಇಳದು, ನಡಕೋತ ಹೊಂಟಿದ್ದ. ಮನಿ ತುಂಬ ಮಂದಿ ಇದ್ರೂ ಅಂವ ಒಬ್ಬನ ಇರತಿದ್ದ ಬಿಡ್ರಿ, ಯಾರ ಜೋಡೀನೂ ಎರಡು ಮಾತು ಆಡತಿದ್ದಿಲ್ಲ. ಹಳೇ ಬಾಂವಿ ದಾಟಿದಾ... ಹಿಂದ ಬೂಟಿನ ಸಪ್ಪಳ. ಗರಕ್... ಗರಕ್... ವಜ್ಜಾ ಹೊತ್ತಾಂವ ನಡದಂಗ. ಇಂವ ನಿಂತಾ. ಹಿಂದ ಧಪ್ ಅಂತ ಏನೋ ನೆಲಕ್ಕ ಇಳೀತು. ಆಮ್ಯಾಲ ಸಣ್ಣಗ, ಕಬ್ಬಿಣಕ್ಕ ಕಬ್ಬಿಣ ತಾಗಿ... ಟಣ್.

ಆ ಸಪ್ಪಳ ಅವಗ ಗೊತ್ತು, ಬಂದೂಕಿನ ಹೊರಿ ಇಳಿಸಿದ ಸಪ್ಪಳ.

ಗಡಿ ಮ್ಯಾಲ ಇಂವ ನಡಸ್ತಿದ್ದ ಬಂದೂಕು ಮಂದಿಗೆ ಹೊಡಿಯೋದಲ್ಲ. ಬಂಕರಿನ ಗ್ವಾಡಿ, ಲಾರಿ ಎಂಜಿನ್ನು, ಅಂಥಾವನ್ನ ಮೈಲು ದೂರದಿಂದ ಒಡಿಯೋದು. ಬಿಚ್ಚಿ ಎರಡು ಹೊರಿ ಮಾಡಿ ಇಬ್ಬರು ಹೊರಬೇಕು, ಅಷ್ಟು ವಜ್ಜಾ. ಇವನ ಜೋಡೀದಾರ ಅಡರಕಟ್ಟಿ ಊರಿನ ಹೊನ್ನೇಶ. ಅದರ ನಳಗಿ ತುದಿಗೆ ತೂತು ಇರೋ ಕಬ್ಬಿಣದ ಗಡ್ಡಿ ಇರತೈತಿ, ಹೊಡದಾಗ ಹವಾ ಎಡಕ್ಕ ಬಲಕ್ಕ ಉಗುಳತೈತಿ. ಇಲ್ಲಂದ್ರ ಹೊಡದಾಂವನ ಭುಜಾನ ಹೋಗತೈತಿ. ಆದ್ರ ಆ ಹವಾಕ್ಕ ಧೂಳು ಏಳತೈತಿ, ವೈರಿಗೆ ಜಾಗಾ ತಿಳಿತೈತಿ. ಅದಕ್ಕ ಮೊದಲ ಜೋಡೀದಾರ ಮುಂದಿನ ನೆಲಕ್ಕ ನೀರು ಹೊಡೀಬೇಕು, ಹೆಣ್ಮಕ್ಕಳು ಅಂಗಳಕ್ಕ ಹೊಡದಂಗ.

ಆ ಬ್ಯಾಸಗ್ಯಾಗ ಮೂರು ದಿನ ಗುಡ್ಡದ ಮ್ಯಾಲ ಇವರು ಇಬ್ಬರ. ಕುಡಿಯೋ ನೀರು ತೀರಿತ್ತು. ನೆಲಕ್ಕಂತ ಒಂದು ಕ್ಯಾನು ಇಟ್ಟಿದ್ರು, ಹೊನ್ನೇಶ ಅದನ್ನ ಮುಟ್ಟಲಿಲ್ಲ. ಅಂವ ಮಲಗಿದಾಗ ಕಳಕೇಶ ಕುಡದಾ. ಪೂರಾ ಕುಡದಾ. ಮುಂಜಾನಿ ಹೊಡೀರಿ ಅಂತ ಹುಕುಂ ಬಂತು. ಹೊನ್ನೇಶ ಕ್ಯಾನು ಎತ್ತಿದಾ, ಇವನ ಮುಖಾ ನೋಡಿದಾ, ಕ್ಯಾನು ಕೆಳಗಿಟ್ಟಾ. ಒಣ ನೆಲದ ಮ್ಯಾಲಿಂದನ ಹೊಡದ್ರು. ಧೂಳು ಎದ್ದಿತು. ಆ ಕಡಿಂದ ಶೆಲ್ ಬಂದು ಬಿತ್ತು. ಉಳದಾಂವ ಕಳಕೇಶ ಒಬ್ಬನ.

ವಿಚಾರಣಿಯೊಳಗ, "ನೀರು ಹೊಡಿಯೋದು ಹೊನ್ನೇಶನ ಕೆಲಸ, ಅಂವ ಮರತಾ" ಅಂದುಬಿಟ್ಟಾ. ಆ ಮಾತು ಹೊನ್ನೇಶನ ಅವ್ವ ಹುಚ್ಚವ್ವಗೂ ಮುಟ್ಟಿತು. ತನ್ನ ತಪ್ಪಿಲೆ ತಾನ ಸತ್ತಾ ಅಂತ ಆಕಿ ಮಗನ ಹೆಸರು ಎತ್ತೂದ ಬಿಟ್ಟಿದ್ಲು.

ಈಗ ಬಾಂವಿ ಹಂತೇಕ, ಬೆನ್ನಿಗೆ ಹತ್ತಿ ಪಿಸುಮಾತು...

"ಕಳಕೇಶಾ... ನೀರು ಐತೇನಲೇ?"

ಇಂವ ತಿರುಗಿ ನೋಡಲಿಲ್ಲ. "ಇಲ್ಲಲೇ... ನಾ ಕುಡದೆ."

"ಅವ್ವಗ ಹೇಳಿದೇನು?"

"ಇಲ್ಲ."

ಆಮ್ಯಾಲ ಗರಕ್... ಗರಕ್... ಹೆಜ್ಜಿ ಅಡರಕಟ್ಟಿ ದಿಕ್ಕಿಗೆ ಹೊಂಟವು. ಒಬ್ಬ ಆಳಿನ ಹೆಜ್ಜಿ, ಇಬ್ಬರ ವಜ್ಜಾ. ಕಳಕೇಶಗ ಅಂಜಿಕಿ ಬರಲಿಲ್ಲಂತ. ಅಳು ಬಂತಂತ.

ಬೆಳಕು ಹರಿಯೂದ ತಡ, ನನ್ನ ಎಬ್ಬಿಸಿಕೊಂಡು ಅಡರಕಟ್ಟಿಗೆ ಹೋದಾ. ಹುಚ್ಚವ್ವ ಕಟ್ಟಿ ಮ್ಯಾಲ ಕುಂತಿದ್ಲು. ಆಕಿ ಮುಂದ ನೆಲಕ್ಕ ಕುಂತು ಎಲ್ಲಾ ಹೇಳಿದಾ. ಆಕಿ ಬೈಲಿಲ್ಲ, ಅಳಲಿಲ್ಲ.

"ಹಂಗಾರ ನನ್ನ ಕೂಸು ಮರತಿದ್ದಿಲ್ಲೇನಪಾ?"

"ಇಲ್ಲ ಯವ್ವಾ. ಅಂವ ಒಂದು ಗುಟುಕೂ ಮುಟ್ಟಿದ್ದಿಲ್ಲ."

ಮುದುಕಿ ಒಳಗ ಹೋಗಿ ತಂಬಿಗಿ ತುಂಬ ನೀರು ತಂದು ಇಟ್ಲು. "ಕುಡಿ" ಅಂದ್ಲು. ಕಳಕೇಶ ಒಂದ ಗುಟುಕು ಕುಡದಾ, ಕೆಳಗ ಇಟ್ಟುಬಿಟ್ಟಾ. ನಾ ಮುಟ್ಟಿಲ್ಲ. ಆಕೀನೂ ಮುಟ್ಟಿಲ್ಲ. ನಾವು ಏಳೂಮುಂದ ಹುಚ್ಚವ್ವ ತಂಬಿಗಿ ಎತ್ತಿದ್ಲು...

ಬರಿದಾಗಿತ್ತು. ಸುತ್ತ ನೆಲಾ ಒಣಾ ಇತ್ತು, ನಾನ ಕೈಯಿಟ್ಟು ನೋಡೀನಿ. ನೀವು ನಂಬ್ರಿ, ಬಿಡ್ರಿ... ನಾ ಅಲ್ಲೇ ಇದ್ದೆ.