ಅರ್ಧ ಇಂಚು ಹೆಚ್ಚಿದ ತೊಡೆ

ಫಿಸಿಯೋಥೆರಪಿ ಕೋಣೆಯ ಹೊರಗಿನ ಬೆಂಚಿನಲ್ಲಿ ಟೀಚರಮ್ಮ ಮುರಿದು ಕೂಡಿದ ಬಲಗೈಯನ್ನು ಹಸುಗೂಸಿನಂತೆ ಮಡಿಲಲ್ಲಿ ಮಲಗಿಸಿಕೊಂಡು ಕೂತಿದ್ದರು. ಬೆರಳುಗಳಿಗೆ ಬಲ ಬರಲೆಂದು ದಿನಕ್ಕೊಂದು ಪುಟ ಬರೆದು ತರಲು ಹೇಳಿದ್ದ ನೋಟ್‌ಬುಕ್ಕು ಪಕ್ಕದಲ್ಲಿತ್ತು. ಅದರಾಚೆ ಒಬ್ಬ ದರ್ಜಿ. ಅವನ ಕೊರಳಿನ ಟೇಪು ಎಳೆದುಕೊಂಡು ಹೆಂಡತಿ ಅವನ ತೊಡೆಗಳನ್ನೇ ಅಳೆಯುತ್ತಿದ್ದಳು.

“ಎಡಗಾಲು ಹದಿನೇಳು. ಪ್ಲಾಸ್ಟರ್ ಬಿಚ್ಚಿದಾಗ್ಲೂ ಅಷ್ಟೇ ಇತ್ತಲ್ರೀ!”

“ಬಲಗಾಲು ನೋಡು.”

“ಹತ್ತೊಂಬತ್ತೂವರೆ. ಇದು ಅರ್ಧ ಇಂಚು ಜಾಸ್ತಿ ಆಗಿದೆ. ವ್ಯಾಯಾಮ ಮಾಡಿದ್ದು ಯಾವ ಕಾಲಿಗೆ?”

ದರ್ಜಿ ಬಲತೊಡೆ ಸವರಿಕೊಂಡ.

“ಎಡಗಾಲು ಎತ್ತಿದ್ರೆ ನಡುಗುತ್ತೆ ಕಣೇ. ಅದಕ್ಕೇ ಬಲಗಾಲಲ್ಲಿ ಮಾಡ್ದೆ. ದಿನಾ ಮೂವತ್ತು ಸಲ, ಒಂದು ದಿನಾನೂ ತಪ್ಸಿಲ್ಲ.”

“ಅಯ್ಯೋ ನಿಮ್ಮ! ಹಿಂಗಾದ್ರೆ ಮತ್ತೆ ಮಷಿನ್ ತುಳಿಯೋದು ಯಾವಾಗ? ನೋವು ಜಾಸ್ತಿ ಆದ್ರೆ ನಿಲ್ಸಿ ಅಂದಿದ್ರು ಡಾಕ್ಟ್ರು. ನಡುಗಿದ್ರೆ ನಿಲ್ಸಿ ಅಂದಿದ್ರಾ?”

“ನಡುಗಿದ್ರೂ ಮಾಡ್ಬೋದಾ ಹಾಗಾದ್ರೆ?”

“ಅವರನ್ನೇ ಕೇಳೋಣ, ಏಳಿ. ಕರೀತಿದಾರೆ.”

ಇಬ್ಬರೂ ಒಳಗೆ ಹೋದರು. ಟೀಚರಮ್ಮ ನಗುತ್ತಲೇ ತಮ್ಮ ನೋಟ್‌ಬುಕ್ಕು ತೆರೆದರು. ಇಪ್ಪತ್ತು ಪುಟ ತುಂಬಿತ್ತು. ಮೊದಲ ಪುಟದ ಕಾಗೆಕಾಲಿನಂಥ ಅಕ್ಷರ ಕೊನೆಯ ಪುಟದಲ್ಲಿ ಮುತ್ತು ಪೋಣಿಸಿದಂತಾಗಿತ್ತು. ಅವರ ನಗು ನಿಂತಿತು. ಬರೆದದ್ದೆಲ್ಲ ಎಡಗೈಯಲ್ಲಿ.